ಎಂಟನೆಯ ಗ್ರಹದಿಂದ ವಾಪಸ್ಸು ಹೋದವರು

ನನಗೆ ಸಿಟ್ಟು ಬೇಗ ಬರುತ್ತದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಆಮೇಲೆ ಯಾರೂ ‘ಇಷ್ಟು ಸಣ್ಣ ವಿಷಯಕ್ಕೆ ಈ ಹೆಂಗಸು ಯಾಕಿಷ್ಟು ಕುದಿಯುತ್ತಾಳೆ’ ಎಂದು ಕೇಳಬಾರದು. ಸಿಟ್ಟು ನನ್ನ ಮೂಗಿನ ತುದಿಯಲ್ಲೇ ಇರುತ್ತದೆಂದು ನಮ್ಮವ್ವ ಹೇಳುತ್ತಿದ್ದಳು. ನಮ್ಮದು ಕುರಿ ಕಾಯುವ ಮನೆತನ, ತಾಳ್ಮೆ ರಕ್ತದಲ್ಲೇ ಬರಬೇಕಿತ್ತು. ಅದಷ್ಟೂ ತಮ್ಮನ ಪಾಲಿಗೆ ಹೋಗಿ ನನಗೆ ಉಳಿದದ್ದು ಕುರಿ ಗದರಿಸುವ ದನಿಯೊಂದೇ. ಆ ದನಿಯಲ್ಲೇ ಇಪ್ಪತ್ತೆರಡು ವರ್ಷಗಳಿಂದ ಮಕ್ಕಳಿಗೆ ವಿಜ್ಞಾನ ಕಲಿಸುತ್ತಿದ್ದೇನೆ.

ಮನೆ ಬೆಳಗಾವಿಯ ಮಹಾಂತೇಶ ನಗರದಲ್ಲಿ, ಶಾಲೆ ಖಾನಾಪುರ ದಾಟಿ ಕಾಡಿನ ಅಂಚಿನ ಹಳ್ಳಿಯೊಂದರಲ್ಲಿ. ಬೆಳಿಗ್ಗೆ ಖಾನಾಪುರದ ತನಕ ಒಂದು ಬಸ್ಸು, ಅಲ್ಲಿಂದ ಇನ್ನೊಂದು. ಎರಡನೆಯದು ಬರುವುದು ಬಿಡುವುದು ಅದರ ಮರ್ಜಿ. ಸರಕಾರಿ ಕನ್ನಡ ಶಾಲೆ, ಎಂಟನೆಯ ತರಗತಿಯ ತನಕ ಮಾತ್ರ. ಮಕ್ಕಳು ಮನೆಯಲ್ಲಿ ಮರಾಠಿ ಮಾತಾಡುತ್ತಾರೆ, ಶಾಲೆಯಲ್ಲಿ ಕನ್ನಡ, ಜಗಳಕ್ಕೆ ಎರಡನ್ನೂ ಬಳಸುತ್ತಾರೆ. ಎಂಟು ಮುಗಿದ ಮೇಲೆ ಹುಡುಗರು ಸೈಕಲ್ ಹತ್ತಿ ಖಾನಾಪುರದ ಹೈಸ್ಕೂಲಿಗೆ ಹೋಗುತ್ತಾರೆ. ಹುಡುಗಿಯರನ್ನು ಆ ಕಾಡುದಾರಿಯಲ್ಲಿ, ಅದೂ ಮಳೆಗಾಲದಲ್ಲಿ ಹಳ್ಳ ತುಂಬಿದಾಗ, ಕಳಿಸುವ ಧೈರ್ಯ ಯಾರಿಗೂ ಇಲ್ಲ. ಹಾಗಾಗಿ ಹೆಚ್ಚಿನ ಹುಡುಗಿಯರ ಓದು ನನ್ನ ಕೈಯಲ್ಲೇ ಮುಗಿಯುತ್ತದೆ.

ನಾನು ಹೇಳಹೊರಟಿರುವ ಹುಡುಗಿ ಆಗ ಎಂಟರಲ್ಲಿದ್ದಳು. ಎಮ್ಮೆ ಕಟ್ಟಿದ ಮನೆ. ಅಪ್ಪ ಗೋವಾದ ಹೋಟೆಲೊಂದರಲ್ಲಿ ಅಡುಗೆ ಕೆಲಸಕ್ಕಿದ್ದ, ಹಬ್ಬಕ್ಕೆ ಬರುತ್ತಿದ್ದ. ಮನೆ, ಎಮ್ಮೆ, ಮಗಳು, ಮೂರರ ಯಜಮಾನಿಕೆಯೂ ಅವ್ವನದೇ. ಹುಡುಗಿ ಎತ್ತರವಾಗಿದ್ದರಿಂದ ಕೊನೆಯ ಸಾಲಿನಲ್ಲಿ ಕೂರುತ್ತಿದ್ದಳು, ಕೇಳದೆ ಮಾತಾಡುತ್ತಿರಲಿಲ್ಲ.

ನಮ್ಮ ಶಾಲೆಯ ಗೋಡೆಯ ಮೇಲೆ ಯಾವ ಕಾಲದಲ್ಲೋ ಬರೆಸಿದ ಸೌರಮಂಡಲದ ಚಿತ್ರವಿದೆ. ಅದರಲ್ಲಿ ಗ್ರಹಗಳು ಒಂಬತ್ತು. ಪಾಠ ಮಾಡುವಾಗ ನಾನು ಕೊನೆಯದರ ಮೇಲೆ ಸೀಮೆಸುಣ್ಣದಿಂದ ಗೀಟು ಹಾಕಿ, ಪ್ಲೂಟೋ ಈಗ ಗ್ರಹವಲ್ಲ, ಬರೆದುಕೊಳ್ಳಿ ಎಂದೆ. ಎಲ್ಲರೂ ಬರೆದುಕೊಂಡರು. ಈ ಹುಡುಗಿ ಎದ್ದು ನಿಂತಳು.

“ಅದೇನ ತಪ್ಪ ಮಾಡಿತ್ತರೀ ಟೀಚರ್?”

ಇಪ್ಪತ್ತೆರಡು ವರ್ಷದಲ್ಲಿ ಯಾರೂ ಕೇಳದ ಪ್ರಶ್ನೆ. ತಪ್ಪು ಪ್ಲೂಟೋದಲ್ಲ, ಅದಕ್ಕಿಂತ ಆಚೆ ಇನ್ನೊಂದು ಸಿಕ್ಕಿತು ಎಂದು ಹೇಳಿದೆ. ಅದರ ಹೆಸರು ಎರಿಸ್. ಅಗಲದಲ್ಲಿ ಪ್ಲೂಟೋಗಿಂತ ಕೂದಲೆಳೆಯಷ್ಟು ಸಣ್ಣದು, ತೂಕದಲ್ಲಿ ಅದಕ್ಕಿಂತ ಹೆಚ್ಚು. ಪ್ಲೂಟೋ ಗ್ರಹವಾದರೆ ಇದೂ ಗ್ರಹವೇ ಆಗಬೇಕು, ನಾಳೆ ಇಂಥವು ಇನ್ನೆಷ್ಟು ಸಿಗುತ್ತವೋ ಗೊತ್ತಿಲ್ಲ. ಅದಕ್ಕೆ ಖಗೋಳ ವಿಜ್ಞಾನಿಗಳು ಸಭೆ ಸೇರಿ ಒಂದು ನಿಯಮ ಮಾಡಿದರು. ತಾನು ಸುತ್ತುವ ದಾರಿಯನ್ನು ಚೊಕ್ಕ ಮಾಡಿಕೊಂಡು ಅಲ್ಲಿ ಒಂಟಿಯಾಗಿ ಆಳುವಷ್ಟು ಜೋರಿದ್ದರೆ ಗ್ರಹ; ದಾರಿಯಲ್ಲಿ ಅಕ್ಕಪಕ್ಕ ಬೇರೆಯವೂ ಇದ್ದರೆ ಕುಬ್ಜ ಗ್ರಹ. ಹೀಗೆ ಎರಿಸನ್ನೂ ಪ್ಲೂಟೋವನ್ನೂ ಎಬ್ಬಿಸಿ ಬೇರೆ ಪಂಕ್ತಿಯಲ್ಲಿ ಕೂರಿಸಿದರು.

ಬೇರೆ ಪಂಕ್ತಿ ಎಂದರೇನೆಂದು ಆ ಮಕ್ಕಳಿಗೆ ಬಿಡಿಸಿ ಹೇಳುವ ಅಗತ್ಯವಿರಲಿಲ್ಲ. ಹುಡುಗಿ ಕೂತಳು. ಮರುದಿನ ಮತ್ತೆ ಎದ್ದಳು. ಎರಿಸ್ ಎಷ್ಟು ದೂರ, ಕೋಟಿಗಳಲ್ಲಿ ಹೇಳಬೇಡಿ, ಇಲ್ಲಿಂದ ಬೆಳಗಾವಿಗೆ ಹೋದಷ್ಟು ಆಗುತ್ತದೆಯೇ ಎಂದು ಕೇಳಿದಳು. ಅವಳು ಬೆಳಗಾವಿ ನೋಡಿದ್ದು ಒಂದೇ ಸಲ, ಅದೂ ಕಣ್ಣಿನ ಆಸ್ಪತ್ರೆಗೆಂದು. ಅವಳು ಕಂಡದ್ದರಲ್ಲಿ ಅದಕ್ಕಿಂತ ದೂರದ ಜಾಗವಿರಲಿಲ್ಲ.

ಸಂಜೆ ಬಸ್ಸಿನಲ್ಲಿ ಕೂತು ಲೆಕ್ಕ ಹಾಕಿದೆ. ಬೆಳಗಾವಿಯಿಂದ ಖಾನಾಪುರ ಇಪ್ಪತ್ತಾರು ಕಿಲೋಮೀಟರ್. ಸೂರ್ಯನನ್ನು ಬೆಳಗಾವಿಯಲ್ಲಿಟ್ಟು ಎರಿಸನ್ನು ಖಾನಾಪುರದಲ್ಲಿಟ್ಟರೆ ಭೂಮಿ ಎಲ್ಲಿ ಬರುತ್ತದೆ? ಸೂರ್ಯನಿಂದ ಬರೀ ಇನ್ನೂರ ಎಪ್ಪತ್ತು ಮೀಟರಿನಲ್ಲಿ. ಒಂದು ಓಣಿ ದಾಟಿ ಇನ್ನೊಂದು ಓಣಿ. ಮಂಗಳ ಅಲ್ಲೇ ಮುಂದೆ, ಗುರು ಒಂದೂವರೆ ಕಿಲೋಮೀಟರಿನ ಒಳಗೆ. ಎಂಟನೆಯ ಗ್ರಹವಾದ ನೆಪ್ಚೂನ್ ಎಂಟು ಕಿಲೋಮೀಟರಿಗೆ, ಮಚ್ಛೆ ಎಂಬ ಊರಿನ ಹತ್ತಿರ. ಅದರಾಚೆ ಹದಿನೆಂಟು ಕಿಲೋಮೀಟರ್ ಹೋದರೆ ಎರಿಸ್. ಇದೇ ಅಳತೆಯಲ್ಲಿ ಸೂರ್ಯ ಎರಡೂವರೆ ಮೀಟರ್ ಅಗಲ, ನಮ್ಮ ಭೂಮಿ ಒಂದು ನೆಲ್ಲಿಕಾಯಿ, ಎರಿಸ್ ಒಂದು ಜೋಳದ ಕಾಳು. ಬಿಳಿಜೋಳವೇ ಆಗಬೇಕು, ಯಾಕೆಂದರೆ ಎರಿಸ್ ಹಿಮದಂತೆ ಬೆಳ್ಳಗಿದೆ. ಖುಷಿಯಲ್ಲಿ ನಾನು ಇಳಿಯುವ ಸ್ಟಾಪನ್ನೇ ಮರೆತೆ.

ಈ ಖುಷಿಯೇ ಮುಂದಿನ ಅನರ್ಥಕ್ಕೆ ಕಾರಣ. ನಗರದಲ್ಲಿ ಒಂದು ವಿಜ್ಞಾನ ಸಮಿತಿ ಇತ್ತು, ಅದರ ಅಧ್ಯಕ್ಷರು ನಿವೃತ್ತರು, ಸಭ್ಯರು, ಸಭೆಗಳನ್ನು ಮಾಡಿಸುವುದರಲ್ಲಿ ಎತ್ತಿದ ಕೈ. ಅವರ ಹತ್ತಿರ ಹೋಗಿ ಹೇಳಿದೆ: ರಸ್ತೆಯುದ್ದಕ್ಕೂ ಮಕ್ಕಳನ್ನು ನಿಲ್ಲಿಸೋಣ, ಒಬ್ಬೊಬ್ಬರೂ ಒಂದೊಂದು ಗ್ರಹ, ಅತಿಥಿಗಳು ಗಾಡಿಯಲ್ಲಿ ಹೋಗುತ್ತ ಪ್ರತಿಯೊಂದರ ಹತ್ತಿರ ಇಳಿದು ಕೇಳಲಿ, ಕೊನೆಗೆ ಖಾನಾಪುರದಲ್ಲಿ ಎರಿಸ್. ಅವರಿಗೆ ಬಹಳ ಹಿಡಿಸಿತು. ವಿಜ್ಞಾನ ದಿನಕ್ಕೇ ಮಾಡಿಬಿಡೋಣ ಎಂದರು. ಬೆಳಗಾವಿಯ ಖಾಸಬಾಗದ ಶಾಲೆಯೊಂದರ ಮೈದಾನದಲ್ಲಿ ಹಳದಿ ಬಟ್ಟೆಯ ಸೂರ್ಯ ಎದ್ದು ನಿಲ್ಲುವುದೆಂದು ಗೊತ್ತಾಯಿತು.

ಗ್ರಹಗಳನ್ನು ಹಂಚುವಾಗ ನಾನೊಂದು ತಪ್ಪು ಮಾಡಿದೆ. ಹತ್ತಿರದ ಗ್ರಹಗಳು ಬೆಳಗಾವಿಯ ಮಕ್ಕಳಿಗೆ ಹೋದವು, ಅವರ ತಂದೆತಾಯಿಗಳು ಸಮಿತಿಯಲ್ಲಿ ಓಡಾಡುವವರು. ಖಾನಾಪುರದ್ದು ಯಾರಿಗೂ ಬೇಡವಾಗಿತ್ತು. ನಮ್ಮ ಹುಡುಗಿಯ ಊರು ಆ ಕಡೆಗೇ ಇದೆ, ಅವಳಿಗೇ ಇರಲಿ, ಹೋಗಿಬರುವ ತ್ರಾಸು ಇಲ್ಲ ಎಂದು ನಾನೇ ಹೇಳಿದೆ. ಅನುಕೂಲ ನೋಡಿದೆನೆಂದು ಆಗ ಹೆಮ್ಮೆಪಟ್ಟೆ. ಈ ಭಾಗದಲ್ಲಿ ನಾವೆಲ್ಲ ಹೀಗೇ: ಖಾನಾಪುರದವರಿಗೆ ಖಾನಾಪುರದ್ದೇ ಸಾಕು ಎಂದು ಬಗೆಯುತ್ತೇವೆ. ಎರಿಸ್ ಎಷ್ಟು ದೂರವೆಂದು ಕೇಳಿದವಳು ಅವಳು. ಸೂರ್ಯನ ಬಾಜು ನಿಂತು ಮೈಕಿನಲ್ಲಿ ಮಾತಾಡಬೇಕಾದವಳೂ ಅವಳೇ ಆಗಿದ್ದಳು.

ನನ್ನ ನಿಜವಾದ ಉದ್ದೇಶ ಬೇರೆಯಿತ್ತು. ಬೆಳಗಾವಿಯ ಬಾಲಕಿಯರ ಹಾಸ್ಟೆಲಿನಲ್ಲಿ ಒಂಬತ್ತನೆಯ ತರಗತಿಗೆ ಒಂದು ಜಾಗ ಅವಳಿಗೆ ಸಿಗುವಂತಿತ್ತು, ನಮ್ಮ ಮನೆಯಿಂದ ಎರಡು ಓಣಿ ಆಚೆ. ಅರ್ಜಿ ತುಂಬಿಸಿಯೂ ಇಟ್ಟಿದ್ದೆ. ಅವ್ವ ಮಾತ್ರ ಹೆಬ್ಬೆಟ್ಟು ಒತ್ತಲು ಒಪ್ಪಿರಲಿಲ್ಲ. ಮಗಳು ಜಾಣೆ ಎಂದು ನಾನು ಹೇಳಿದರೆ, ಜಾಣೆಯಾಗಿದ್ದಕ್ಕೇ ನನ್ನ ಹತ್ತಿರ ಇರಲಿ ಎನ್ನುತ್ತಿದ್ದಳು. ಕೊನೆಗೆ ನಾನು ಒಂದು ಮಾತು ಕೊಟ್ಟೆ. ಆ ದಿನ ಖಾನಾಪುರಕ್ಕೆ ಬಾ, ದೊಡ್ಡ ದೊಡ್ಡವರು ಗಾಡಿಯಲ್ಲಿ ನಿನ್ನ ಮಗಳ ಮಾತು ಕೇಳಲಿಕ್ಕೆಂದೇ ಬರುತ್ತಾರೆ, ಕಣ್ಣಾರೆ ನೋಡು, ಆಮೇಲೆ ಹೇಳು ಎಂದೆ. ಅವಳು ಎಮ್ಮೆಯ ಬೆನ್ನು ಸವರುತ್ತ, ಆಗಲಿ ಎಂದಳು.

ಹುಡುಗಿ ಹದಿನೈದು ದಿನ ತಯಾರಿ ಮಾಡಿದಳು. ಕನ್ನಡದಲ್ಲಿ ಒಂದು ಭಾಷಣ, ಅವ್ವನಿಗೆ ತಿಳಿಯಲೆಂದು ಮರಾಠಿಯಲ್ಲಿ ಇನ್ನೊಂದು. ನಾನು ಹೇಳಿಕೊಟ್ಟದ್ದರಲ್ಲಿ ಅವಳಿಗೆ ಹೆಚ್ಚು ಹಿಡಿಸಿದ ಸಂಗತಿಯೆಂದರೆ, ಎರಿಸ್ ಸಿಗುವುದಕ್ಕೆ ಒಂದು ವರ್ಷಕ್ಕೂ ಮೊದಲೇ ದೂರದರ್ಶಕದ ಚಿತ್ರದಲ್ಲಿ ಬಂದು ಕೂತಿದ್ದದ್ದು. ಅದು ಎಷ್ಟು ನಿಧಾನ ಸರಿಯುತ್ತದೆಂದರೆ ಕಂಪ್ಯೂಟರು ಅದನ್ನು ಅಲುಗಾಡದ ನಕ್ಷತ್ರವೆಂದು ಬಿಟ್ಟುಬಿಟ್ಟಿತ್ತು. ನಿಧಾನದವುಗಳನ್ನೂ ನೋಡೋಣವೆಂದು ಹಳೆಯ ಚಿತ್ರಗಳನ್ನು ಮತ್ತೆ ತೆಗೆದಾಗ ಕಂಡಿತು. ಇದನ್ನು ಹೇಳುವಾಗ ಅವಳು ಒಂದು ಕ್ಷಣ ನಿಲ್ಲಿಸಿ ಎದುರಿನವರನ್ನು ನೋಡುತ್ತಿದ್ದಳು. ಅದನ್ನು ನಾನು ಕಲಿಸಿದ್ದಲ್ಲ.

ಆ ದಿನ ಹತ್ತು ಗಂಟೆಗೆ ಕಾರ್ಯಕ್ರಮ. ನಾನು ಖಾನಾಪುರದಲ್ಲಿ ಹುಡುಗಿಯ ಜೊತೆ ನಿಲ್ಲಬೇಕಿತ್ತು. ಹಿಂದಿನ ದಿನ ಅಧ್ಯಕ್ಷರು ಫೋನ್ ಮಾಡಿ, ಕಲ್ಪನೆ ನಿಮ್ಮದು, ವೇದಿಕೆಯ ಮೇಲೆ ನೀವಿಲ್ಲದಿದ್ದರೆ ಶೋಭೆಯಲ್ಲ ಎಂದರು. ನನಗೆ ಸಂತೋಷವಾಯಿತು, ಸುಳ್ಳು ಯಾಕೆ ಹೇಳಲಿ. ಇಳಕಲ್ ಸೀರೆ ಉಟ್ಟು ಹೋದೆ. ಹುಡುಗಿಗೂ ಅವ್ವನಿಗೂ ಖಾನಾಪುರದ ಬಸ್ ನಿಲ್ದಾಣದ ಹೊರಗೆ ಮರದ ಕೆಳಗೆ ಹತ್ತೂವರೆಗೆ ಬಂದು ನಿಲ್ಲಲು ಹೇಳಿದ್ದೆ. ಹುಡುಗಿಯ ಕೈಯಲ್ಲಿ ಕಪ್ಪು ಬಟ್ಟೆ ಹಾಸಿದ ಸ್ಟೀಲಿನ ತಾಟು, ಅದರ ನಡುವೆ ಒಂದೇ ಒಂದು ಬಿಳಿಜೋಳದ ಕಾಳು. ಕಾಳು ನಮ್ಮ ಮನೆಯ ಡಬ್ಬಿಯದು, ಅವರ ಕಡೆ ಬೆಳೆಯುವುದು ಭತ್ತ.

ಮುಖ್ಯ ಅತಿಥಿಗಳು ಬಂದದ್ದು ಹನ್ನೊಂದೂಕಾಲಿಗೆ. ಆಮೇಲೆ ಸತ್ಕಾರ ಶುರುವಾಯಿತು. ನಮ್ಮ ಬೆಳಗಾವಿಯ ಸತ್ಕಾರ ನೋಡದವರಿಗೆ ಅದನ್ನು ಹೇಗೆ ಹೇಳಲಿ. ವೇದಿಕೆಯ ಮೇಲಿನ ಪ್ರತಿಯೊಬ್ಬರಿಗೂ ಶಾಲು, ಹಾರ, ಹಣ್ಣಿನ ಬುಟ್ಟಿ, ತಲೆಗೆ ಪೇಟಾ. ಒಬ್ಬೊಬ್ಬರ ಹೆಸರು ಕೂಗಿ, ಅವರ ಗುಣಗಾನ ಮಾಡಿ, ಅವರು ಬೇಡವೆನ್ನುತ್ತ ಎದ್ದು ಬಂದು, ತಲೆ ಬಾಗಿಸಿ ನಿಲ್ಲಬೇಕು. ಸತ್ಕಾರ ಮಾಡುವವರನ್ನೂ ಮೊದಲು ಸತ್ಕರಿಸಬೇಕು. ಮುಖ್ಯ ಅತಿಥಿಗಳ ಫೋಟೋ ಸರಿಯಾಗಿ ಬರಲಿಲ್ಲವೆಂದು ಫೋಟೋಗ್ರಾಫರ್ ಸನ್ನೆ ಮಾಡಿದ, ಹೊದಿಸಿದ ಶಾಲು ತೆಗೆದು ಮತ್ತೊಮ್ಮೆ ಹೊದಿಸಿದರು. ಚಪ್ಪಾಳೆಯೂ ಮತ್ತೊಮ್ಮೆ ಆಯಿತು. ನನ್ನ ಹೆಸರೂ ಬಂತು. ನಾನೂ ತಲೆ ಬಾಗಿಸಿದೆ.

ಹನ್ನೊಂದೂವರೆಗೆ ವೇದಿಕೆಯ ಹಿಂದೆ ಹೋಗಿ ಹುಡುಗಿಯ ಅವ್ವನಿಗೆ ಫೋನ್ ಮಾಡಿದೆ. ಬಂದು ನಿಂತಿದ್ದೇವೆ ಎಂದಳು. ಇನ್ನು ಅರ್ಧ ತಾಸಿನಲ್ಲಿ ಹೊರಡುತ್ತಾರೆ ಎಂದೆ. ಒಂದು ಗಂಟೆಗೆ ಮತ್ತೆ ಮಾಡಿದೆ, ಮತ್ತೆ ಅರ್ಧ ತಾಸು ಎಂದೆ. ಬಿಸಿಲು ಏರಿತ್ತು. ಮಗಳು ಕೂತಿದ್ದಾಳೇನು ಎಂದು ಕೇಳಲಿಲ್ಲ.

ಕೊನೆಗೂ ಮೂರು ಗಾಡಿಗಳು ಹೊರಟವು. ಬುಧ, ಶುಕ್ರ, ಭೂಮಿ, ಮಂಗಳ ಎಲ್ಲ ನಡೆದು ಹೋಗುವಷ್ಟು ಹತ್ತಿರ, ಆದರೂ ಗಾಡಿ ಹತ್ತಿ ಇಳಿದು ಹತ್ತಿ ಇಳಿದು ಮಾಡಿದರು. ಗುರುವಿನ ಹತ್ತಿರ ಯಾರೋ ಎಳನೀರು ತಂದರು. ಶನಿಯ ಹತ್ತಿರ ಅತಿಥಿಗಳಿಗೆ ಯಾರದೋ ಫೋನ್ ಬಂತು, ಇಪ್ಪತ್ತು ನಿಮಿಷ ರಸ್ತೆಯಲ್ಲೇ ನಿಂತೆವು. ನೆಪ್ಚೂನ್ ಮುಟ್ಟಿದಾಗ ಎರಡೂವರೆ ಆಗಲು ಬಂದಿತ್ತು. ಅಲ್ಲಿದ್ದ ಹುಡುಗ ಸಮಿತಿಯ ಸದಸ್ಯರೊಬ್ಬರ ಮೊಮ್ಮಗ, ನಾಲ್ಕು ಸಾಲು ಹೇಳಿದ. ಗುಂಪು ಫೋಟೋ ಆಯಿತು. ಗಾಡಿಗಳು ರಸ್ತೆಯಲ್ಲೇ ತಿರುಗಿ ಬೆಳಗಾವಿಯ ಕಡೆ ಮುಖ ಮಾಡಿದವು.

ನಾನು ಅಧ್ಯಕ್ಷರ ಹತ್ತಿರ ಹೋಗಿ ಖಾನಾಪುರ ಉಳಿದಿದೆ ಎಂದೆ. ಹುಡುಗಿ ಬೆಳಿಗ್ಗೆಯಿಂದ ಕಾಯುತ್ತಿದ್ದಾಳೆ, ಅರ್ಧ ತಾಸಿನ ದಾರಿ ಎಂದೆ. ಅವರಿಗೆ ನಿಜವಾಗಿಯೂ ಆಶ್ಚರ್ಯವಾಯಿತು.

“ಗ್ರಹ ಎಂಟೂ ಮುಗದುವಲ್ರೀ ಮೇಡಂ. ಅದು ಗ್ರಹನ ಅಲ್ಲಲ್ಲ. ನೀವ ಹೇಳಿದ್ರಿ. ಸಾಹೇಬ್ರಿಗೆ ಊಟಕ್ಕ ಹೊತ್ತಾಗೈತಿ.”

ಇದನ್ನು ಅವರು ಕೊಂಕಿನಿಂದ ಹೇಳಲಿಲ್ಲ. ಕೊಂಕಿನಿಂದ ಹೇಳಿದ್ದರೆ ನನಗೆ ಮಾತು ಬರುತ್ತಿತ್ತು. ಲೆಕ್ಕ ಸರಿಯಿದೆ, ಪಟ್ಟಿ ಮುಗಿದಿದೆ, ಇನ್ನೇನು ಎಂಬ ಮುಖ. ಗಾಡಿಯ ಬಾಗಿಲು ತೆರೆದು, ಬರ್ರಿ, ಹತ್ತರ್ರಿ ಎಂದರು. ಸಂತೆಯಲ್ಲಿ ನಿಂತು ಜಗಳವಾಡುವ ನಾನು, ಕಂಡಕ್ಟರುಗಳು ದೂರದಿಂದ ಕಂಡರೇ ಚಿಲ್ಲರೆ ಹುಡುಕಿಡುವ ನಾನು, ಅವತ್ತು ಹೆಗಲ ಮೇಲಿನ ಶಾಲು ಸರಿಮಾಡಿಕೊಂಡು ಗಾಡಿ ಹತ್ತಿದೆ. ಅತಿಥಿಗಳ ಮುಂದೆ ರಂಪ ಬೇಡ ಎಂದುಕೊಂಡೆನೋ, ಶಾಲಿನ ಭಾರವೋ. ಊಟಕ್ಕೂ ಕೂತೆ. ಕುಂದಾ ಬಡಿಸಿದರು, ತಿಂದೆ. ಇದನ್ನು ಬರೆಯುವಾಗ ಈಗಲೂ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕೆನಿಸುತ್ತದೆ.

ಕೈ ತೊಳೆಯುವಾಗ ಫೋನ್ ಬಂತು. ಈ ಸಲ ಅವ್ವನೇ ಮಾಡಿದ್ದಳು, ಬರುತ್ತಾರಲ್ಲವೇ ಎಂದು ಕೇಳಿದಳು. ನಾನು ಮೂರನೆಯ ಸಲ, ಬಾಯಲ್ಲಿ ಕುಂದಾದ ಸಿಹಿ ಇನ್ನೂ ಇರುವಾಗ, ಅರ್ಧ ತಾಸು ಎಂದೆ. ಫೋನ್ ಇಟ್ಟ ಮೇಲೆ ಅಲ್ಲಿ ನಿಲ್ಲಲಾಗಲಿಲ್ಲ. ಶಾಲು, ಹಣ್ಣಿನ ಬುಟ್ಟಿ ಎಲ್ಲ ಕುರ್ಚಿಯ ಮೇಲೆ ಬಿಟ್ಟು ಓಡಿ ಹೋಗಿ ಖಾನಾಪುರದ ಬಸ್ಸು ಹತ್ತಿದೆ. ನೆಪ್ಚೂನ್ ದಾಟಿದ ಮೇಲೆ ದಾರಿ ಮುಗಿಯಲೇ ಇಲ್ಲ. ಅದೇ ದಾರಿಯಲ್ಲಿ ದಿನಾ ನಿದ್ದೆ ಮಾಡುತ್ತ ಹೋಗುವವಳು ನಾನು.

ಖಾನಾಪುರ ಮುಟ್ಟಿದಾಗ ನಾಲ್ಕೂವರೆ. ಮರದ ನೆರಳು ಯಾವಾಗಲೋ ಆಚೆ ಸರಿದುಹೋಗಿತ್ತು. ಹುಡುಗಿ ಬಿಸಿಲಿನಲ್ಲೇ, ಎರಡೂ ಕೈಯಲ್ಲಿ ತಾಟು ಹಿಡಿದು ನಿಂತಿದ್ದಳು. ಅವಳು ಕೂತಿರಲೇ ಇಲ್ಲ. ತಾಲೀಮಿನ ದಿನ ಅವಳು ಸುಸ್ತಾಗಿ ಕೂತಾಗ ನಾನು, ಗ್ರಹ ಕೂರುವುದಿಲ್ಲ, ಏಳು ಎಂದು ಗದರಿಸಿದ್ದೆನಂತೆ. ನನಗೆ ನೆನಪಿರಲಿಲ್ಲ, ಅವಳಿಗಿತ್ತು. ಅವ್ವ ಪಕ್ಕದ ಅಂಗಡಿಯ ಕಟ್ಟೆಯ ಮೇಲೆ ಕೂತು ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತಿದ್ದಳು. ಬಸ್ಸಿಗೆ ಕಾಯುವ ಮಂದಿ ಬಂದು ತಾಟಿನಲ್ಲಿ ಇದೇನು ಎಂದು ಕೇಳಿದ್ದರಂತೆ. ಸಾಹೇಬರು ಬಂದ ಮೇಲೆ ಹೇಳುತ್ತೇನೆ ಎಂದು ಹುಡುಗಿ ಯಾರಿಗೂ ಹೇಳದೆ ಮಾತನ್ನು ಕಾಯ್ದಿಟ್ಟುಕೊಂಡಿದ್ದಳು.

ನನ್ನ ಹಿಂದೆ ಗಾಡಿ ಇದೆಯೇ ಎಂದು ಅವಳು ನೋಡಿದಳು. ಇರಲಿಲ್ಲ. ಅವರಿಗೆ ತುರ್ತು ಕೆಲಸ ಬಂತು ಎಂದು ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿ, ಊಟಕ್ಕೆ ಹೋದರು, ಬರಲಿಲ್ಲ ಎಂದೆ. ಹುಡುಗಿ ತಾಟಿನ ಬಟ್ಟೆಯನ್ನು ಕಾಳಿನ ಸಮೇತ ನಾಲ್ಕು ಮಡಿಕೆ ಮಡಚಿ ಕೊಟ್ಟಳು. ನನಗೆ ಹೇಳು, ನಾನು ಕೇಳುತ್ತೇನೆ ಎಂದೆ. ನಿಮಗೆ ಗೊತ್ತಿದೆಯಲ್ಲ ಟೀಚರ್ ಎಂದಳು.

ಅವ್ವ ಎದ್ದು ಬಂದಳು. ಅವಳ ಕನ್ನಡ ಅರ್ಧ ಮರಾಠಿ, ನನ್ನ ಹತ್ತಿರ ಮಾತ್ರ ನಿಧಾನವಾಗಿ ಕನ್ನಡದಲ್ಲೇ ಆಡುತ್ತಾಳೆ. ಆ ಕಡೆ ಶಿಕ್ಷಕಿಯನ್ನು ಬಾಯಿ ಎಂದು ಕರೆಯುತ್ತಾರೆ.

“ಬಾಯೀ, ಇಡೀ ದಿನದಾಗ ಇಷ್ಟ ದೂರ ಬರಾಕ ಒಬ್ಬರಿಗೂ ಆಗ್ಲಿಲ್ಲ. ನಾಳಿ ಇಕಿ ನಿಮ್ಮೂರಾಗ ಜ್ವರ ಬಂದ ಮಲಗಿದ್ರ, ಇಕಿ ಖೋಲಿ ತನಕ ಯಾರ ಬರತಾರ?”

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಬೈಯಲಿಲ್ಲ, ನಿಜವಾಗಿ ಕೇಳಿದಳು, ಉತ್ತರಕ್ಕೆ ಕಾದಳು. ನಾನು ವೇದಿಕೆಯ ಮೇಲಿನ ಸಾಲಿನಲ್ಲಿ ಶಾಲು ಹೊದ್ದು ನಿಂತು ಬಂದವಳು. ಸಂಜೆಯ ಬಸ್ಸು ಬಂತು. ಇಬ್ಬರೂ ಹತ್ತಿ ಹೋದರು. ಹಾಸ್ಟೆಲಿನ ಅರ್ಜಿ ನನ್ನ ಚೀಲದಲ್ಲೇ ಉಳಿಯಿತು.

ಮರುದಿನ ಸಮಿತಿಯ ವಾಟ್ಸಪ್ ಗುಂಪಿನಲ್ಲಿ ವರದಿ ಬಂತು. ಬೆಳಗಾವಿಯ ಸೂರ್ಯನಿಂದ ಖಾನಾಪುರದ ಕುಬ್ಜ ಗ್ರಹದವರೆಗೆ ವಿಜ್ಞಾನ ಯಾತ್ರೆ ಯಶಸ್ವಿ. ಕೆಳಗೆ ಹದಿನೇಳು ಫೋಟೋ, ಹದಿನಾಲ್ಕರಲ್ಲಿ ಪೇಟಾಗಳು. ಓದುತ್ತಿದ್ದಂತೆ ಮೈ ಉರಿಯಿತು. ಸಂಜೆ ನೇರವಾಗಿ ಅಧ್ಯಕ್ಷರ ಮನೆಗೆ ಹೋದೆ, ಬಾಗಿಲಲ್ಲೇ ನಿಂತು ಬಾಯಿ ಮಾಡಿದೆ. ಹೋಗದ ಊರಿಗೆ ಹೋದೆವೆಂದು ಬರೆಯಲು ನಾಚಿಕೆಯಾಗುವುದಿಲ್ಲವೇ ಎಂದೆ. ಒಂದು ಹುಡುಗಿ ಆರು ತಾಸು ಬಿಸಿಲಲ್ಲಿ ನಿಂತಿದ್ದಳು, ನೀವು ಆರು ಸಲ ಶಾಲು ಹೊದ್ದಿರಿ ಎಂದೆ. ಓಣಿಯವರು ಕಿಟಕಿ ತೆರೆದರು. ಅಧ್ಯಕ್ಷರು ಒಳಗೆ ಕರೆದು ಕೂರಿಸಿ ಚಹಾ ಕೊಟ್ಟರು. ಇಷ್ಟು ಸಿಟ್ಟು ಯಾಕೆ, ಮುಂದಿನ ವರ್ಷ ಖಾನಾಪುರದಿಂದಲೇ ಶುರು ಮಾಡೋಣ, ಹುಡುಗಿಗೂ ಒಂದು ಶಾಲು ಹೊದಿಸೋಣ ಎಂದರು. ಮುಂದಿನ ವರ್ಷ ಆ ಹುಡುಗಿ ಎಮ್ಮೆಗಳ ಹಿಂದೆ ಇರುತ್ತಾಳೆ ಎಂದು ಹೇಳಿ ಚಹಾ ಮುಟ್ಟದೆ ಬಂದೆ. ಒಳ್ಳೆಯ ಮನುಷ್ಯ ಎಂದು ಅವರನ್ನು ಇವತ್ತಿಗೂ ಎಲ್ಲರೂ ಹೇಳುತ್ತಾರೆ. ಒಳ್ಳೆಯವರೇ. ನನಗೆ ಸಿಟ್ಟು ಬರುವುದೇ ಅದಕ್ಕೆ.

ಅವರ ಮೇಲೆ ಕೂಗಾಡುವುದು ಸುಲಭವಿತ್ತು. ಅರ್ಧ ತಾಸು ಎಂದು ಮೂರು ಸಲ ಹೇಳಿದ ಬಾಯಿ ನನ್ನದು, ಅದರ ಮೇಲೆ ಯಾರು ಕೂಗಾಡಬೇಕು? ಎರಡು ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ. ನನ್ನ ಯಜಮಾನರು ಸಮಾಧಾನ ಹೇಳಲು ಬಂದು, ನನ್ನ ಮುಖ ನೋಡಿ ಹೊರಗೆ ಗಿಡಗಳಿಗೆ ನೀರು ಹಾಕಲು ಹೋದರು.

ಭಾನುವಾರ ಹುಡುಗಿಯ ಊರಿಗೆ ಹೋದೆ. ಎರಡನೆಯ ಬಸ್ಸು ಬರಲಿಲ್ಲ, ಕೊನೆಯ ನಾಲ್ಕು ಕಿಲೋಮೀಟರ್ ನಡೆದೆ. ಅವ್ವ ಕೊಟ್ಟಿಗೆಯಲ್ಲಿದ್ದಳು. ನನ್ನನ್ನು ನೋಡಿ ಅಚ್ಚರಿಪಡಲಿಲ್ಲ, ಒಳಗೆ ಹೋಗಿ ಚಾಪೆ ಹಾಸಿದಳು. ಅರ್ಜಿಯ ಮಾತು ಎತ್ತುವುದಿಲ್ಲ, ಮಗಳು ಕಲಿತದ್ದನ್ನು ಕೇಳಲು ಬಂದಿದ್ದೇನೆ, ನೀನೂ ಕೂತು ಕೇಳು ಎಂದೆ. ಹುಡುಗಿ ಮೊದಲು ಒಲ್ಲೆ ಎಂದಳು. ಅವ್ವ ಗದರಿಸಿದ ಮೇಲೆ ಕಂಬಕ್ಕೆ ಬೆನ್ನು ಕೊಟ್ಟು ನಿಂತಳು.

ಮರಾಠಿಯಲ್ಲಿ ಹೇಳಿದಳು. ಎರಿಸಿನಲ್ಲಿ ನಿಂತರೆ ಸೂರ್ಯ ಬರೀ ಒಂದು ಜೋರಾದ ಚುಕ್ಕಿ. ಇಲ್ಲಿಗೆ ಎಂಟು ನಿಮಿಷದಲ್ಲಿ ಬರುವ ಬಿಸಿಲು ಅಲ್ಲಿಗೆ ಹೋಗಲು ಹದಿಮೂರು ತಾಸು ಬೇಕು. ಚಳಿ ಎಷ್ಟೆಂದರೆ ಗಾಳಿಯೇ ಹೆಪ್ಪುಗಟ್ಟಿ ನೆಲದ ಮೇಲೆ ಬಿದ್ದಿದೆ, ಅದಕ್ಕೇ ಅಷ್ಟು ಬಿಳುಪು. ಸೂರ್ಯನನ್ನು ಒಂದು ಸುತ್ತು ಹಾಕಲು ಐನೂರೈವತ್ತಕ್ಕೂ ಹೆಚ್ಚು ವರ್ಷ. ಬೇರೆ ಗ್ರಹಗಳೆಲ್ಲ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ಸುತ್ತಿದರೆ ಇದರ ದಾರಿ ಬಹಳ ಓರೆ, ಹಾಗಾಗಿ ಯಾರೂ ಆ ಕಡೆ ಹುಡುಕಿರಲಿಲ್ಲ. ಅದಕ್ಕೂ ಒಂದು ಪುಟ್ಟ ಚಂದ್ರ ಇದೆ. ಈವರೆಗೆ ಯಾವ ನೌಕೆಯೂ ಅಲ್ಲಿಗೆ ಹೋಗಿಲ್ಲ.

ಅವ್ವ ಕೈ ಕಟ್ಟಿ ಕೂತು ಕೇಳಿದಳು. ಮುಗಿದ ಮೇಲೆ, ಯಾರೂ ಹೋಗಿಲ್ಲವೆಂದರೆ ಅದು ಇದೆ ಎಂದು ಹೇಗೆ ಗೊತ್ತು ಎಂದು ಮಗಳನ್ನು ಕೇಳಿದಳು. ಚಿತ್ರ ತೆಗೆದವರು ಮತ್ತೆ ಮತ್ತೆ ನೋಡಿದರು ಎಂದು ಮಗಳು ಹೇಳಿದಳು. ಎಷ್ಟು ಸಲ ಎಂದು ಅವ್ವ ಕೇಳಿದಳು. ಈಗಲೂ ನೋಡುತ್ತಲೇ ಇದ್ದಾರೆ ಎಂದಳು ಮಗಳು. ಅವ್ವ ಎದ್ದು ಎಮ್ಮೆಗೆ ನೀರಿಟ್ಟು ಬಂದಳು. ಮತ್ತೆ ಕೂತು, ನನ್ನ ಕಡೆ ತಿರುಗಿದಳು.

“ನೀವ ಗುರುವಾರಕ್ಕೊಮ್ಮೆ ಹೋಗಿ ಇಕಿನ್ನ ನೋಡಬೇಕು. ಅಲ್ಲಿಂದನ ಫೋನ್ ಹಚ್ಚಿ ಇಕಿ ಕಡಿ ಕೊಡಬೇಕು. ಒಂದ ಗುರುವಾರ ತಪ್ಪಿದ್ರ ನಾ ಬಂದ ಕರ್ಕೊಂಡ ಹೋಗಾಕಿ.”

ಆಗಲಿ ಎಂದೆ. ಅಲ್ಲೇ ಚಾಪೆಯ ಮೇಲೆ ಅರ್ಜಿ ಬಿಚ್ಚಿದೆ. ಅವಳು ಹೆಬ್ಬೆಟ್ಟು ಒತ್ತಿದಳು, ಒತ್ತಿ ಬಹಳ ಹೊತ್ತು ಬೆರಳಿನ ಮಸಿ ನೋಡಿಕೊಂಡಳು. ಅದು ನಂಬಿಕೆಯ ಹೆಬ್ಬೆಟ್ಟಲ್ಲ, ನನಗೆ ಗೊತ್ತು. ನನ್ನನ್ನು ಕಟ್ಟಿಹಾಕಿದ ಹಗ್ಗ ಅದು.

ಜೂನಿನಲ್ಲಿ ಹುಡುಗಿ ಹಾಸ್ಟೆಲಿಗೆ ಬಂದಳು. ಮೊದಲ ಗುರುವಾರ ನಾನು ಐದು ಗಂಟೆಗೆ ಬರುತ್ತೇನೆಂದು ಹೇಳಿದ್ದೆ. ಅವತ್ತು ಖಾನಾಪುರದ ಬಸ್ಸು ತಡವಾಯಿತು, ಮಳೆ ಬೇರೆ. ಬಸ್ ನಿಲ್ದಾಣದಿಂದ ಆಟೋ ಹಿಡಿದು, ಆಟೋದವನಿಗೆ ದಾರಿಯುದ್ದಕ್ಕೂ ಬೈಯುತ್ತ ಹೋದರೂ ಹಾಸ್ಟೆಲ್ ಮುಟ್ಟಿದಾಗ ಐದೂ ಹತ್ತು. ಹುಡುಗಿ ಗೇಟಿನ ಒಳಗೆ ಇರಲಿಲ್ಲ, ಕಾಯುವ ಬೆಂಚಿನ ಮೇಲೂ ಇರಲಿಲ್ಲ. ಮೇಲಿನ ಖೋಲಿಯಲ್ಲಿ ಕೂತು ಬಟ್ಟೆ ಮಡಚುತ್ತಿದ್ದಳು. ನನ್ನನ್ನು ನೋಡಿ ಎದ್ದು ನಿಂತು, ನಕ್ಕಳು.

“ಬರಾಂಗಿಲ್ಲ ಅಂತ ತಿಳ್ಕೊಂಡಿದ್ನಿರೀ ಟೀಚರ್.”

ದನಿಯಲ್ಲಿ ಸಿಟ್ಟಿರಲಿಲ್ಲ, ಅಳುವೂ ಇರಲಿಲ್ಲ. ಮಳೆ ಬರುತ್ತಿದೆ ಎನ್ನುವ ಹಾಗೆ ಹೇಳಿದಳು. ಬರೀ ಹತ್ತು ನಿಮಿಷಕ್ಕೇ ಅವಳು ನನ್ನ ಆಸೆ ಬಿಟ್ಟು, ನನ್ನನ್ನು ಕ್ಷಮಿಸಿ, ಬಟ್ಟೆ ಮಡಚಲು ಹೋಗಿಬಿಟ್ಟಿದ್ದಳು. ನಾನು ಅವಳ ಕೈಯಿಂದ ಬಟ್ಟೆ ಕಿತ್ತು ಹಾಸಿಗೆಯ ಮೇಲೆ ಎಸೆದೆ. ನಾನು ತಡವಾಗಿ ಬಂದರೆ ನಗಬಾರದು, ನನ್ನ ಜೊತೆ ಜಗಳ ತೆಗೆಯಬೇಕು, ಯಾರು ಮಾತು ತಪ್ಪಿದರೂ ತೆಗೆಯಬೇಕು, ತಿಳಿಯಿತೇ ಎಂದು ಗದರಿಸಿದೆ. ಪಕ್ಕದ ಹುಡುಗಿಯರು ಹೆದರಿ ಹೊರಗೆ ಹೋದರು. ಅವಳು ತಲೆಯಾಡಿಸಿ, ಹೂಂನ್ರೀ ಎಂದಳು.

ಆಮೇಲೆ ಒಂದು ಗುರುವಾರವನ್ನೂ ನಾನು ತಪ್ಪಿಸಿಲ್ಲ. ತಡ ಮಾತ್ರ ಐದಾರು ಸಲ ಆಗಿದೆ. ಅವಳು ಇನ್ನೂ ಒಮ್ಮೆಯೂ ಜಗಳ ತೆಗೆದಿಲ್ಲ.